ರಂಗದ ಮೇಲಿನ ಬಂದೂಕು: ಅಸಲಿ ಮತ್ತು ಡಮ್ಮಿ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ನಾಟಕಗಳಿಗೂ ಕಾಲ ಬಂತೆಂದೇ ಅರ್ಥ. ಹಾರ್ಮೋನಿಯಂ ಮಾಸ್ತರು ತಾಲೀಮು ಕೊಡಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಊರ ಹುಡುಗರೇ ಬಣ್ಣ ಹಚ್ಚುತ್ತಾರೆ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಊರೂರಿಗೆ ಹೋಗಿ ಕ್ಯಾಂಪು ಹಾಕಿ ಈ ಭಾಗದ ಜನರಲ್ಲಿ ನಾಟಕದ ರುಚಿ ಬೆಳೆಸಿತು. ಆ ಮನೆತನದ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಸಂದಿತು. ಇತ್ತ 1968ರಲ್ಲಿ ‘ಜೇಡರ ಬಲೆ’ ಚಿತ್ರದ ಸಿಐಡಿ 999 ಆಗಿ ರಾಜ್‌ಕುಮಾರ್ ಪಿಸ್ತೂಲು ಹಿಡಿದರು. ಸಾಮಾಜಿಕ ನಾಟಕದ ಇನ್‌ಸ್ಪೆಕ್ಟರನಿಗೂ ಖಳನಾಯಕನಿಗೂ ಇವತ್ತಿಗೂ ಒಂದು ಪಿಸ್ತೂಲು ಬೇಕೇ ಬೇಕು. ಅದು ಎಂಥದ್ದಾಗಿರಬೇಕು ಎಂಬುದೇ ಈ ಅಧ್ಯಾಯದ ವಿಷಯ.

ಗಾಡ್ಜಿಲಾ ಕಲಿಸುವ ಪಾಠ

ದೈತ್ಯ ಪ್ರಾಣಿಯೊಂದು ನಗರಕ್ಕೆ ನುಗ್ಗುವ ಕಥೆಯ, ಜಪಾನಿನ ತೋಹೊ ಸಂಸ್ಥೆಯ ‘ಗಾಡ್ಜಿಲಾ’ ಚಿತ್ರ ತೆರೆಕಂಡದ್ದು 1954ರ ನವೆಂಬರ್ 3ರಂದು. ಇಶಿರೊ ಹೋಂಡಾ ನಿರ್ದೇಶಕರು, ಎಯ್ಜಿ ತ್ಸುಬುರಾಯಾ ವಿಶೇಷ ದೃಶ್ಯಗಳ ಹೊಣೆ ಹೊತ್ತವರು. ಭಾರವಾದ ರಬ್ಬರ್ ಉಡುಪಿನೊಳಗೆ ನಟ ಹರುವೊ ನಕಾಜಿಮಾ ಇದ್ದರು. ಅವರು ತುಳಿದು ಪುಡಿ ಮಾಡಿದ ಟೋಕಿಯೊ ನಗರವನ್ನು ಅಸಲಿ ಅಳತೆಯ 25ನೇ ಒಂದು ಭಾಗದಷ್ಟು ಚಿಕ್ಕದಾಗಿ ಕಟ್ಟಲಾಗಿತ್ತು. ರಸ್ತೆಯಲ್ಲಿ ಸಾಗುವ ಸೇನಾ ವಾಹನಗಳ ಕೆಲವು ದೃಶ್ಯಗಳು ಅಸಲಿ. ಆದರೆ ದೈತ್ಯನ ಮೇಲೆ ಬೆಂಕಿ ಉಗುಳುವ ಟ್ಯಾಂಕುಗಳು ಪುಟ್ಟ ಮಾದರಿಗಳು. ಚಿಮ್ಮುವ ಕಿಡಿಯೂ ಏಳುವ ಹೊಗೆಯೂ ಸಣ್ಣ ಮದ್ದಿನ ಕೆಲಸ. ಆ ದೃಶ್ಯಗಳನ್ನು ಹೆಚ್ಚು ವೇಗದಲ್ಲಿ ಚಿತ್ರೀಕರಿಸಿ ತೆರೆಯ ಮೇಲೆ ನಿಧಾನವಾಗಿ ತೋರಿಸಿದಾಗ ಪುಟ್ಟ ಮಾದರಿಗೂ ತೂಕ ಬಂತು. ಜಗತ್ತೇ ಬೆಚ್ಚಿ ನೋಡಿದ ಆ ಯುದ್ಧಕ್ಕೆ ಅಸಲಿ ಗುಂಡು ಬೇಕಾಗಲಿಲ್ಲ.

ಮೂರು ಬಗೆಯ ತೋಟಾ

ಚಿತ್ರೀಕರಣದ ಮಾತು ಬಂದಾಗ ಮೂರು ಬಗೆಯ ತೋಟಾಗಳನ್ನು ಬೇರೆ ಬೇರೆಯಾಗಿ ತಿಳಿದಿರಬೇಕು. ಜೀವಂತ ತೋಟಾದಲ್ಲಿ ಮದ್ದೂ ಇದೆ, ಗುಂಡೂ ಇದೆ. ಡಮ್ಮಿ ತೋಟಾದಲ್ಲಿ ಗುಂಡು ಕಾಣುತ್ತದೆ, ಮದ್ದು ಇಲ್ಲ; ಹತ್ತಿರದಿಂದ ತೋರಿಸಲು ಮಾತ್ರ ಅದು. ಬ್ಲ್ಯಾಂಕ್ ತೋಟಾದಲ್ಲಿ ಮದ್ದು ಇದೆ, ಗುಂಡಿಲ್ಲ. ಸದ್ದಿಗೂ ಬೆಂಕಿಗೂ ಅದನ್ನು ಬಳಸುತ್ತಾರೆ.

ಬ್ಲ್ಯಾಂಕ್ ಎಂದ ಮಾತ್ರಕ್ಕೆ ನಿರಪಾಯಕಾರಿಯಲ್ಲ. ನಳಿಕೆಯ ಬಾಯಿಂದ ಸುಡುವ ಅನಿಲವೂ ಒಳಗೆ ತುರುಕಿದ ಕಾಗದವೂ ಭಾರಿ ಒತ್ತಡದಲ್ಲಿ ಹೊರಬರುತ್ತವೆ. 1984ರಲ್ಲಿ ಅಮೆರಿಕದ ನಟ ಜಾನ್ ಎರಿಕ್ ಹೆಕ್ಸಮ್ ಬ್ಲ್ಯಾಂಕ್ ತುಂಬಿದ ರಿವಾಲ್ವರನ್ನು ಸುಮ್ಮನೆ ತಲೆಗಿಟ್ಟು ಒತ್ತಿ ಪ್ರಾಣ ಕಳೆದುಕೊಂಡರು. 1993ರ ಮಾರ್ಚ್ 31ರಂದು ‘ದಿ ಕ್ರೋ’ ಚಿತ್ರೀಕರಣದಲ್ಲಿ ಬ್ರೂಸ್ ಲೀ ಅವರ ಮಗ ಬ್ರ್ಯಾಂಡನ್ ಲೀಗೆ ಗುಂಡು ತಗುಲಿತು. ಸರಿಯಾಗಿ ತಯಾರಿಸದ ಡಮ್ಮಿ ತೋಟಾದ ತುದಿಯಲ್ಲಿದ್ದ ಗುಂಡು ಮೊದಲೇ ನಳಿಕೆಯಲ್ಲಿ ಸಿಕ್ಕಿಕೊಂಡಿತ್ತು. ಆಮೇಲೆ ಹಾರಿಸಿದ ಬ್ಲ್ಯಾಂಕ್ ಅದನ್ನು ಹೊರದಬ್ಬಿತು. 2021ರ ಅಕ್ಟೋಬರ್ 21ರಂದು ‘ರಸ್ಟ್’ ಚಿತ್ರದ ಸೆಟ್ಟಿನಲ್ಲಿ ಡಮ್ಮಿಗಳ ಜೊತೆ ಜೀವಂತ ತೋಟಾ ಸೇರಿಕೊಂಡಿದ್ದರಿಂದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ಬಂದೂಕಿನಿಂದ ಅಪಾಯವಿಲ್ಲ ಎಂದು ನಂಬಿದವರ ಕೈಯಲ್ಲೇ ಈ ಸಾವುಗಳೆಲ್ಲ ಆದವು.

ನಮ್ಮ ಹೊಲದ ಬಂದೂಕು

ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಮೆಕ್ಕೆಜೋಳದ ಹೊಲಕ್ಕೆ ಹಂದಿ ನುಗ್ಗುವ ಊರುಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕುಗಳಿವೆ. ಚುನಾವಣೆ ಬಂದಾಗ ಅವನ್ನು ಠಾಣೆಗೆ ಒಪ್ಪಿಸುವುದು ರೈತರಿಗೆ ಗೊತ್ತಿರುವ ಕ್ರಮ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ಈ ಬಂದೂಕಿನಲ್ಲಿ ಒಂದು ವಿಶೇಷ ಅಪಾಯವಿದೆ. ತೋಟಾ ಹಾಕುವ ಬಂದೂಕನ್ನು ಮುರಿದು ನೋಡಿದರೆ ಒಳಗೆ ಏನಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬಾಯಿಂದ ತುಂಬುವ ಬಂದೂಕಿನಲ್ಲಿ ಮದ್ದೂ ಚಿಲ್ಲೂ ನಳಿಕೆಯ ಬುಡದಲ್ಲಿ ಗಟ್ಟಿಯಾಗಿ ಕೂತಿರುತ್ತವೆ, ಹೊರಗಿನಿಂದ ಗುರುತೇ ಸಿಗದು. ಹಂದಿ ಕಾಯಲು ಅಣ್ಣ ತುಂಬಿಟ್ಟಿದ್ದನ್ನು ತಮ್ಮ ಖಾಲಿಯೆಂದು ತಿಳಿದು ರಂಗಕ್ಕೆ ತಂದರೆ ಎದುರು ನಿಂತ ಪಾತ್ರಧಾರಿಯ ಗತಿಯೇನು?

ಜನ ಸೇರಿದಲ್ಲಿ ಅಪಾಯವಾಗುವಂತೆ ಗುಂಡು ಹಾರಿಸುವುದನ್ನು ಕಾನೂನೂ ಸಹಿಸದು. 2019ರ ತಿದ್ದುಪಡಿಯ ಪ್ರಕಾರ ಮದುವೆ, ಸಭೆ, ಧಾರ್ಮಿಕ ಸ್ಥಳಗಳಲ್ಲಿ ಸಂಭ್ರಮಕ್ಕೆಂದು ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದವರಿಗೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಹಾಗಾದರೆ ಸದ್ದು ಎಲ್ಲಿಂದ?

ಮರದಲ್ಲಿ ಕೆತ್ತಿ ಕಪ್ಪು ಬಣ್ಣ ಬಳಿದ ಪಿಸ್ತೂಲು ಹತ್ತು ಮಾರು ದೂರದ ಪ್ರೇಕ್ಷಕನಿಗೆ ಅಸಲಿಯಂತೆಯೇ ಕಾಣುತ್ತದೆ. ಸದ್ದಿಗೆ ರಿದಂ ಪ್ಯಾಡ್ ನುಡಿಸುವವನು ಸಾಕು. ಕೈ ಎತ್ತುವುದಕ್ಕೂ ಸದ್ದು ಬರುವುದಕ್ಕೂ ತಾಳ ಕೂಡುವಂತೆ ತಾಲೀಮಿನಲ್ಲೇ ಕೂಡಿಸಿಕೊಳ್ಳಬೇಕು. ಗುಂಡು ತಗುಲಿದವನು ಬೀಳುವ ರೀತಿಯೇ ದೃಶ್ಯದ ಅರ್ಧ ಬಲ. ಪರದೆಯ ಹಿಂದೆ ಪಟಾಕಿ ಹಚ್ಚುವ ಅಭ್ಯಾಸವಿದ್ದರೆ ಅದನ್ನೂ ಬಿಡುವುದು ಒಳ್ಳೆಯದು. ಬಟ್ಟೆ, ಬಿದಿರು, ತಗಡಿನ ರಂಗಮಂಟಪಕ್ಕೆ ಒಂದು ಕಿಡಿ ಸಾಕು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತದ್ದನ್ನು ಯಾರೂ ಮರೆಯಬಾರದು.

ನಾಟಕ ಸಂಘಗಳಿಗೆ ನಮ್ಮ ಬಿನ್ನಹ ಇಷ್ಟೇ: ಗುಂಡು ಹಾರಿಸಬಲ್ಲ ಯಾವ ಬಂದೂಕೂ, ಅದು ಖಾಲಿಯಿದ್ದರೂ, ರಂಗವನ್ನೇರಬಾರದು. ಮರದ ಪಿಸ್ತೂಲನ್ನೂ ಪ್ರೇಕ್ಷಕರತ್ತ ಗುರಿ ಹಿಡಿಯದಿರಲು ನಟರಿಗೆ ಕಲಿಸಿ. ಈ ವರ್ಷದ ತಾಲೀಮಿನ ಮೊದಲ ದಿನವೇ ಈ ನಿಯಮವನ್ನು ಎಲ್ಲರೆದುರು ಓದಿ ಹೇಳಿ.