ಗುಂಪು ಕಲಿಕೆಗೆ ಹೊಂದಿಸಿ ಬಳಸಬಹುದಾದ ಮರದ ಮೇಜುಗಳು

ಸಾಲಾಗಿ ಇಟ್ಟ ಡೆಸ್ಕುಗಳಲ್ಲಿ ಹಿಂದೆ ಕುಳಿತ ಮಗುವಿಗೆ ಕಪ್ಪುಹಲಗೆಗಿಂತ ಮೊದಲು ಕಾಣುವುದು ಮುಂದಿನ ಮಗುವಿನ ಬೆನ್ನು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ನಲಿ-ಕಲಿ ಪದ್ಧತಿಯು ಈ ಕ್ರಮವನ್ನು ಬದಲಾಯಿಸಿತು. 2009-10ನೇ ಸಾಲಿನಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆ ವಿಸ್ತರಿಸಲಾಯಿತು. ಈ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕುಳಿತು ಶಿಕ್ಷಕರಿಂದ, ಸಹಪಾಠಿಗಳಿಂದ ಹಾಗೂ ಸ್ವತಃ ಕಲಿಯುತ್ತಾರೆ. ಚಟುವಟಿಕೆ ಬದಲಾದಂತೆ ಗುಂಪೂ ಬದಲಾಗುತ್ತದೆ. ಆದುದರಿಂದ ಮೇಜುಗಳೂ ಅದಕ್ಕೆ ಹೊಂದಿಕೊಳ್ಳುವಂತಿರುವುದು ಅವಶ್ಯಕ.

ಆಕಾರ ಮತ್ತು ಅಳತೆ

ಷಡ್ಭುಜವನ್ನು ಎದುರು ಬದುರಿನ ಎರಡು ಮೂಲೆಗಳ ನಡುವೆ ಸರಿಯಾಗಿ ಅರ್ಧಕ್ಕೆ ಕತ್ತರಿಸಿದ ಆಕಾರದ ಮೇಜು ಈ ಉದ್ದೇಶಕ್ಕೆ ಉಪಯುಕ್ತ. ಇದರ ಉದ್ದನೆಯ ಬದಿ 120 ಸೆಂ.ಮೀ., ಉಳಿದ ಮೂರು ಬದಿಗಳು ತಲಾ 60 ಸೆಂ.ಮೀ. ಇದ್ದಲ್ಲಿ, ಎರಡು ಮೇಜುಗಳ ಉದ್ದನೆಯ ಬದಿಗಳನ್ನು ಕೂಡಿಸಿದಾಗ ಆರು ಮಕ್ಕಳು ಮುಖಾಮುಖಿಯಾಗಿ ಕುಳಿತುಕೊಳ್ಳಬಹುದು. ಬಿಡಿಸಿದಾಗ ಪ್ರತಿಯೊಂದೂ ಮೂವರ ಮೇಜಾಗುತ್ತದೆ. ಗೋಡೆಗೆ ಒತ್ತರಿಸಿದಲ್ಲಿ ಹಾಡು, ಆಟಗಳಿಗೆ ನೆಲ ತೆರವಾಗುತ್ತದೆ.

ಸುಮಾರು 110ರಿಂದ 120 ಸೆಂ.ಮೀ. ಎತ್ತರದ ಮಕ್ಕಳಿಗೆ 53 ಸೆಂ.ಮೀ. ಎತ್ತರದ ಮೇಜು ಹಾಗೂ 31 ಸೆಂ.ಮೀ. ಎತ್ತರದ ಆಸನ ಹೊಂದುತ್ತದೆ. ಕಾಲುಗಳನ್ನು ಎರಡು ಭಾಗಗಳಲ್ಲಿ ಮಾಡಿ, ಹಲವು ರಂಧ್ರಗಳಲ್ಲಿ ಬೋಲ್ಟ್ ಹಾಕುವ ವ್ಯವಸ್ಥೆ ಇದ್ದಲ್ಲಿ ಎತ್ತರವನ್ನು ಬದಲಿಸಬಹುದು. ಕಾಲುಗಳ ನಡುವೆ ಕೆಳಗಡೆ ಅಡ್ಡಪಟ್ಟಿ ಇರಬಾರದು. ಆಗ ಮೇಜನ್ನು ಎತ್ತರಿಸಿ, ಗಾಲಿಕುರ್ಚಿ ಬಳಸುವ ಮಗುವನ್ನೂ ಪ್ರತ್ಯೇಕವಾಗಿ ಕೂರಿಸದೆ ಗುಂಪಿನಲ್ಲೇ ಸೇರಿಸಿಕೊಳ್ಳಬಹುದು.

ಮರಗೆಲಸದಲ್ಲಿ ಗಮನಿಸಬೇಕಾದ ಅಂಶಗಳು

1. ಮರವು ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗುವಾಗ ಕುಗ್ಗಿ, ಕೀಲುಗಳು ಸಡಿಲವಾಗುತ್ತವೆ.
2. ಮರವು ಎಳೆಯ ಉದ್ದಕ್ಕೆ ಹೆಚ್ಚು ಬದಲಾಗುವುದಿಲ್ಲ. ಅಡ್ಡಲಾಗಿ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಆದುದರಿಂದ ಮೇಲ್ಹಲಗೆಯನ್ನು ಚೌಕಟ್ಟಿಗೆ ಅಂಟಿಸದೆ, ಉದ್ದನೆಯ ರಂಧ್ರಗಳ ಮೂಲಕ ಸ್ಕ್ರೂ ಹಾಕುವುದು ಸೂಕ್ತ.
3. ಮೂಲೆ ಹಾಗೂ ಅಂಚುಗಳನ್ನು ದುಂಡಗೆ ಮಾಡಬೇಕು.
4. ಇಬ್ಬರು ಮಕ್ಕಳು ಸೇರಿ ಸರಿಸಬಲ್ಲಷ್ಟು ಹಗುರವಾಗಿರಬೇಕು. ಭಾರವಾದ ಮೇಜು ಇಟ್ಟ ಕಡೆಯೇ ಉಳಿದು, ಅದರೊಂದಿಗೆ ಗುಂಪೂ ಬದಲಾಗದೆ ಉಳಿಯುತ್ತದೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಅಥವಾ ದಾನಿಗಳು ಮೇಜುಗಳನ್ನು ಮಾಡಿಸುವ ಸಂದರ್ಭದಲ್ಲಿ, ಮೊದಲು ಸ್ಥಳೀಯ ಬಡಗಿಗಳಿಂದ ಒಂದು ಜೋಡಿಯನ್ನು ಮಾತ್ರ ತಯಾರಿಸಿ, ಕೆಲವು ದಿನ ತರಗತಿಯಲ್ಲಿ ಬಳಸಿ ನೋಡುವುದು ಒಳಿತು. ಮಕ್ಕಳು ದೊಡ್ಡವರ ನೆರವಿಲ್ಲದೆ ಅವುಗಳನ್ನು ಕೂಡಿಸಿ, ಬಿಡಿಸಿ ಕುಳಿತುಕೊಂಡಲ್ಲಿ ಅಳತೆ ಸರಿಯಾಗಿದೆ ಎಂದು ತಿಳಿಯಬಹುದು.