ಹಡಗಿನ ಗವಾಕ್ಷ

ನಮ್ಮ ಹಳೆಯ ಕಾವ್ಯಗಳಲ್ಲಿ ಕಿಟಕಿಗೆ ಗವಾಕ್ಷವೆಂಬ ಹೆಸರುಂಟು. ಗೋವಿನ ಕಣ್ಣು ಎಂದು ಆ ಮಾತಿನ ಅರ್ಥ. ಇಂಗ್ಲಿಷಿನ ‘ವಿಂಡೋ’ ಪದದ ಮೂಲವನ್ನು ಅರಸಿಕೊಂಡು ಹೋದರೆ, ಕಡಲನ್ನೇ ಮನೆಯಾಗಿ ಮಾಡಿಕೊಂಡಿದ್ದ ಪ್ರಾಚೀನ ನಾರ್ಸ್ ಜನರ ನುಡಿಯಲ್ಲಿ ‘ಗಾಳಿಯ ಕಣ್ಣು’ ಎಂಬ ಸಮಾಸ ಸಿಗುತ್ತದೆ. ಜರ್ಮನರಂತೂ ಹಡಗಿನ ಪಕ್ಕೆಯ ದುಂಡು ಕಿಂಡಿಯನ್ನು ಇಂದಿಗೂ ‘ಬುಲ್‌ಔಗೆ’, ಎಂದರೆ ಗೂಳಿಗಣ್ಣು, ಎಂದೇ ಕರೆಯುತ್ತಾರೆ. ಕಿಟಕಿಯನ್ನು ಕಣ್ಣೆಂದ ಮೇಲೆ ಅದಕ್ಕೊಂದು ರೆಪ್ಪೆಯೂ ಬೇಕಲ್ಲವೆ? ನೆಲದ ಮೇಲಿನ ಮನೆಗೆ ಅದಿಲ್ಲದಿದ್ದರೆ ಮಳೆಯ ಎರಚಲಿಗೆ ಹಾಸಿಗೆ ತೊಯ್ದೀತು, ಅಷ್ಟೆ. ನಡುಗಡಲಿನ ಹಡಗಿಗೆ ಅದಿಲ್ಲದಿದ್ದರೆ ಪ್ರಾಣಕ್ಕೇ ಕುತ್ತು. ಆ ರೆಪ್ಪೆಯ ವಿಚಾರವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ವಿಹಾರ ನೌಕೆಗಳಲ್ಲಿ ಪ್ರವಾಸ ಹೋಗುವವರು ಕಡಲು ಕಾಣುವ ಕ್ಯಾಬಿನ್ನಿಗೆ ಹೆಚ್ಚಿನ ಹಣ ತೆರುತ್ತಾರೆ. ಆದರೆ ಹಡಗು ಕಟ್ಟುವವನ ದೃಷ್ಟಿಯಲ್ಲಿ ಪ್ರತಿಯೊಂದು ಕಿಟಕಿಯೂ ಉಕ್ಕಿನ ಗೋಡೆಯಲ್ಲಿ ಕೊರೆದ ತೂತೇ ಸರಿ. ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1,025 ಕಿಲೋಗ್ರಾಂ ತೂಗುತ್ತದೆ. ಹತ್ತು ಮೀಟರ್ ಎತ್ತರದ ನೀರು ಅಲುಗದೆ ನಿಂತಿದ್ದರೂ ಅದರ ಬುಡದಲ್ಲಿ ಚದರ ಮೀಟರೊಂದಕ್ಕೆ ಹತ್ತು ಟನ್ನಿಗೂ ಮಿಕ್ಕ ಭಾರ ಬೀಳುತ್ತದೆ. ಓಡಿಬಂದು ಅಪ್ಪಳಿಸುವ ತೆರೆಯ ಪೆಟ್ಟು ಇದನ್ನೂ ಮೀರಬಹುದು.

ಆದುದರಿಂದ ಮೊದಲನೆಯ ಎಚ್ಚರಿಕೆ ಆಕಾರಕ್ಕೆ ಸಂಬಂಧಿಸಿದ್ದು. ಕೆಳ ಅಂತಸ್ತುಗಳ ಕಿಂಡಿಗಳು ದುಂಡಾಗಿ, ಕಿರಿದಾಗಿರುತ್ತವೆ. ಮೂಲೆಗಳುಳ್ಳ ತೂತನ್ನು ಕೊರೆದರೆ, ಹಡಗು ಅಲೆಗಳ ಮೇಲೆ ಬಳುಕುವಾಗ ಒತ್ತಡವೆಲ್ಲ ಆ ಮೂಲೆಗಳಲ್ಲಿ ಸೇರಿ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ವೃತ್ತಕ್ಕೆ ಮೂಲೆಯಿಲ್ಲ. ಎರಡನೆಯದು ಎತ್ತರ. 1966ರ ಅಂತರರಾಷ್ಟ್ರೀಯ ಭಾರರೇಖಾ ಒಪ್ಪಂದದ ಪ್ರಕಾರ, ತುಂಬಿದ ಹಡಗು ಎಲ್ಲಿಯವರೆಗೆ ಮುಳುಗಬಹುದೋ ಆ ಗೆರೆಯಿಂದ ಕಿಂಡಿಯ ಕೆಳಅಂಚು ಕಡೆಯ ಪಕ್ಷ 500 ಮಿಲಿಮೀಟರ್, ಇಲ್ಲವೆ ಹಡಗಿನ ಅಗಲದ ನೂರಕ್ಕೆ ಎರಡೂವರೆ ಪಾಲು, ಈ ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಮೇಲಿರಬೇಕು. ಮೂರನೆಯದು ಗಾಜು. ಚೆನ್ನಾಗಿ ಕಾಯಿಸಿ ಥಟ್ಟನೆ ತಣಿಸಿದ ಗಾಜಿನ ಹೊರಮೈ ಬಿಗಿದುಕೊಂಡು, ಸಾಮಾನ್ಯ ಗಾಜಿಗಿಂತ ಹಲವು ಪಟ್ಟು ಗಟ್ಟಿಯಾಗುತ್ತದೆ. ಆ ದಪ್ಪ ಗಾಜನ್ನು ಲೋಹದ ಬಳೆಯೊಳಗೆ ಕೂರಿಸಿ, ನೀರು ಜಿನುಗದಂತೆ ಸಂದುಗಳನ್ನು ಬಿಗಿಯುತ್ತಾರೆ.

ಇಷ್ಟಾದರೂ ಗಾಜು ಗಾಜೇ. ಅದಕ್ಕಾಗಿಯೇ ನಾನು ಮೊದಲು ಹೇಳಿದ ರೆಪ್ಪೆ. ನಾವಿಕರು ಅದನ್ನು ‘ಡೆಡ್‌ಲೈಟ್’ ಎನ್ನುತ್ತಾರೆ. ‘ಲೈಟ್’ ಎಂದರೆ ಇಲ್ಲಿ ಬೆಳಕು ಬರುವ ಕಿಂಡಿ. ಅದು ಸತ್ತದ್ದು, ಅಂದರೆ ಬೆಳಕಿಲ್ಲದಂತೆ ಮುಚ್ಚಿದ್ದು. ಕಿಂಡಿಯ ಒಳಬದಿಗೆ ಬಿಜಾಗರಿಯಿಂದ ತೂಗಿದ ಭಾರವಾದ ಲೋಹದ ಮುಚ್ಚಳವಿದು. ಹವೆ ಸೌಮ್ಯವಾಗಿರುವಾಗ ಅದನ್ನು ಮೇಲಕ್ಕೆತ್ತಿ ಸಿಕ್ಕಿಸಿರುತ್ತಾರೆ. ಬಿರುಗಾಳಿಯ ಸೂಚನೆ ಬಂದೊಡನೆ ಕಪ್ತಾನನ ಅಪ್ಪಣೆಯಂತೆ ನಾವಿಕರು ಕೆಳ ಅಂತಸ್ತಿನ ಕ್ಯಾಬಿನ್ನುಗಳಿಗೆ ಒಂದೊಂದಾಗಿ ಹೋಗಿ, ಮುಚ್ಚಳವನ್ನು ಇಳಿಸಿ, ಸುತ್ತಲಿನ ತಿರುಪುಗಳನ್ನು ಬಿಗಿಯುತ್ತಾರೆ. ಮುಚ್ಚಳ ಒಳಗಡೆಯೇ ಇರುವುದರಿಂದ ತೆರೆಗಳ ಹೊಡೆತದ ನಡುವೆ ಯಾರೂ ಹೊರಗೆ ಹೋಗಬೇಕಾಗಿಲ್ಲ. ಗಾಜು ಒಡೆದರೂ ನೀರನ್ನು ಅದು ತಡೆಯುತ್ತದೆ. ಮೇಲಿನ ಅಂತಸ್ತುಗಳ ದೊಡ್ಡ ಕಿಟಕಿಗಳಿಗೆ ಗಟ್ಟಿ ಗಾಜೇ ಮುಖ್ಯ ಆಧಾರ. ಕೆಲವು ಹಡಗುಗಳಲ್ಲಿ ಅವಕ್ಕೂ ಬಿರುಗಾಳಿಯ ಕಾಲಕ್ಕೆಂದೇ ಮಾಡಿದ ಹಲಗೆಗಳನ್ನು ಜೋಡಿಸುವುದುಂಟು.

ಹಣ ಕೊಟ್ಟು ಕಡಲನ್ನು ಕೊಂಡ ಪ್ರಯಾಣಿಕನಿಗೆ ಇದು ಸಹಿಸಲಾಗದ ಸಂಗತಿ. ಹಗಲೇ ಇರುಳಾಗಿ, ದಿಗಂತ ಮರೆಯಾಗಿ, ಹೊಟ್ಟೆ ತೊಳಸುತ್ತಿರುವಾಗ ಅವನು ಗೊಣಗಿದರೆ ತಪ್ಪೆನ್ನಲಾಗದು. ಆದರೆ ಆ ಕತ್ತಲೆಯ ಬೆಲೆಯನ್ನು 1914ರ ಮೇ 29ರ ಒಂದು ಘಟನೆ ಹೇಳುತ್ತದೆ.

ಕೆನಡಾದ ಸೇಂಟ್ ಲಾರೆನ್ಸ್ ನದಿಯಲ್ಲಿ ‘ಎಂಪ್ರೆಸ್ ಆಫ್ ಐರ್ಲೆಂಡ್’ ಎಂಬ ಪ್ರಯಾಣಿಕರ ಹಡಗು ಇಂಗ್ಲೆಂಡಿನತ್ತ ಹೊರಟಿತ್ತು. ನಟ್ಟಿರುಳು ಕಳೆದಿತ್ತು, ಬಿರುಗಾಳಿಯಿರಲಿಲ್ಲ. ಮಂಜು ಕವಿದಾಗ ‘ಸ್ಟೋರ್‌ಸ್ಟಾಡ್’ ಎಂಬ ನಾರ್ವೆಯ ಕಲ್ಲಿದ್ದಲ ಹಡಗು ಅದರ ಬಲಪಕ್ಕೆಗೆ ಇರಿಯಿತು. ಗಾಯ ದೊಡ್ಡದೇ. ಆದರೆ ಹಡಗು ಓರೆಯಾದಂತೆ, ನಿದ್ರಿಸುತ್ತಿದ್ದವರು ಗಾಳಿಗಾಗಿ ತೆರೆದಿಟ್ಟಿದ್ದ ಕಿಂಡಿಗಳೂ ನೀರಿಗೆ ತಾಗಿ, ಅಲ್ಲಿಂದಲೂ ನದಿ ಒಳನುಗ್ಗಿತು. ಹದಿನಾಲ್ಕೇ ನಿಮಿಷಗಳಲ್ಲಿ ಹಡಗು ಮುಳುಗಿ ಸಾವಿರಕ್ಕೂ ಮಿಕ್ಕ ಜನ ಸತ್ತರು. ತಂಗಾಳಿಯನ್ನು ಬಯಸಿದ್ದೇ ಅವರ ಅಪರಾಧ! ಇಂದು ತೀರ ಕೆಳಗಿನ ಕಿಂಡಿಗಳನ್ನು ಕಪ್ತಾನನ ಒಪ್ಪಿಗೆಯಿಲ್ಲದೆ ಯಾರೂ ತೆರೆಯಲಾಗದಂತೆ ನಿರ್ಮಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ.

ಇದು ಹಳೆಯ ಕಾಲದ ಮಾತಾಯಿತು ಎನ್ನುವಂತೆಯೂ ಇಲ್ಲ. 2014ರ ಫೆಬ್ರವರಿ 14ರಂದು ಇಂಗ್ಲಿಷ್ ಕಾಲುವೆಯಲ್ಲಿ ‘ಮಾರ್ಕೋ ಪೋಲೋ’ ಹಡಗಿನ ಭೋಜನಶಾಲೆಯ ಕಿಟಕಿಯನ್ನು ಅಲೆಯೊಂದು ಒಡೆದಾಗ 85 ವರ್ಷದ ವೃದ್ಧರೊಬ್ಬರು ತೀರಿಕೊಂಡರು. 2022ರ ನವೆಂಬರ್ 29ರಂದು ದಕ್ಷಿಣ ಅಮೆರಿಕದ ತುದಿಯ ಉಷುವಾಯಾ ಬಂದರಿನತ್ತ ಬರುತ್ತಿದ್ದ ‘ವೈಕಿಂಗ್ ಪೊಲಾರಿಸ್’ ಆ ವರ್ಷವಷ್ಟೇ ಸೇವೆಗಿಳಿದ ಹಡಗು. ಅದಕ್ಕೂ ಭಾರಿ ತೆರೆಯೊಂದು ಬಡಿದು ಕ್ಯಾಬಿನ್ನುಗಳ ಗಾಜು ಒಡೆಯಿತು. ಪ್ರಯಾಣಿಕರೊಬ್ಬರು ಸತ್ತು, ಇನ್ನು ಕೆಲವರು ಗಾಯಗೊಂಡರು.

ಹಡಗುಗಳು ದೊಡ್ಡವಾದುವು, ಕಿಟಕಿಗಳೂ ಅಗಲವಾದುವು. ನೀರಿನ ತೂಕ ಮಾತ್ರ ಹಿಂದಿದ್ದಷ್ಟೇ ಇದೆ. ಎಂಥ ಗಟ್ಟಿಯಾದ ಮುಚ್ಚಳವಾದರೂ ಸಕಾಲದಲ್ಲಿ ಇಳಿಸಿದರೆ ತಾನೆ ಪ್ರಯೋಜನ? ಬಿರುಗಾಳಿಗೆ ಮುನ್ನ ಬಾಗಿಲು ತಟ್ಟಿ, ಪ್ರಯಾಣಿಕನ ಗೊಣಗಾಟವನ್ನು ಕೇಳಿಸಿಕೊಂಡೇ ತಿರುಪು ಬಿಗಿದು ಮುಂದಿನ ಕ್ಯಾಬಿನ್ನಿಗೆ ನಡೆಯುವ ಆ ನಾವಿಕನ ಹೆಸರನ್ನು ಯಾರೂ ಕೇಳುವುದಿಲ್ಲ. ಬೆಳಗಾಗಿ ಕಡಲು ಶಾಂತವಾದಾಗ ಮುಚ್ಚಳವನ್ನು ಎತ್ತಲು ಬರುವವನೂ ಅವನೇ.