ಪರಸ್ಥಳದವರು ಕಟ್ಟಿದ ವಿದ್ಯಾಪೀಠ

ಇಟಲಿಯ ಬೊಲೋನ್ಯಾ ನಗರದಲ್ಲಿ ಆರ್ಕಿಜಿನ್ನಾಜಿಯೊ ಎಂಬ ಹಳೆಯ ವಿದ್ಯಾಮಂದಿರದ ಅಂಗಳವನ್ನು ದಾಟಿ, ಮೆಟ್ಟಿಲುಗಳನ್ನೇರಿ, ಮೇಲಿನ ಅಂತಸ್ತಿನ ಮೊಗಸಾಲೆಯಲ್ಲಿ ನಿಂತವನಿಗೆ ಗೋಡೆಯು ಬರಿದಾಗಿ ಕಾಣುವ ಎಡೆ ಸಿಕ್ಕುವುದೇ ದುರ್ಲಭ. ಆಳೆತ್ತರದಿಂದ ತೊಡಗಿ ಕಮಾನಿನ ಒಳಮೈಯವರೆಗೂ ಲಾಂಛನಕ್ಕೆ ಲಾಂಛನ ತಾಗಿಕೊಂಡು, ಸಿಂಹಗಳೂ ಗರುಡಗಳೂ ಗೋಪುರಗಳೂ ಕೆಂಪು ನೀಲಿ ಹೊನ್ನಿನ ಬಣ್ಣಗಳಲ್ಲಿ ಕಿಕ್ಕಿರಿದು ನಿಂತಿವೆ. ಎಣಿಸಿದವರ ಲೆಕ್ಕದಲ್ಲಿ ಅವು ಸುಮಾರು 6000. ದಾನವಿತ್ತ ದೊರೆಗಳ, ಕಟ್ಟಡಕ್ಕೆ ಕಲ್ಲು ಹಾಕಿಸಿದ ಧರ್ಮಾಧಿಕಾರಿಗಳ ಕುರುಹುಗಳಿರಬೇಕೆಂದು ಭಾವಿಸುವುದು ಸಹಜವಾದರೂ, ಇವುಗಳಲ್ಲಿ ಬಹುಪಾಲು ವಿದ್ಯಾರ್ಥಿಗಳವು: ಓದಲೆಂದು ದೇಶಾಂತರಗಳಿಂದ ಬಂದು, ತಂತಮ್ಮ ನಾಡಿನ ಸಹಪಾಠಿಗಳಿಂದ ಪ್ರತಿನಿಧಿಗಳಾಗಿ ಆರಿಸಲ್ಪಟ್ಟ ತರುಣರವು.

ಇದನ್ನು ನನಗೆ ತೋರಿಸಿದವಳು ನನ್ನ ತಮ್ಮನ ಮಗಳು. ಬೆಂಗಳೂರಿನಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿರುವ ಅವಳು ವಿನಿಮಯದ ಏರ್ಪಾಟಿನ ಮೇಲೆ ಒಂದು ಸೆಮಿಸ್ಟರಿನ ಮಟ್ಟಿಗೆ ಬೊಲೋನ್ಯಾದಲ್ಲಿದ್ದಳು. ಜನವರಿಯ ಮಂಜಿನಲ್ಲಿ ನಾನು ಕಾಣಹೋದಾಗ ಪಾಠಗಳು ಮುಗಿದು ಪರೀಕ್ಷೆಗಳು ನಡೆಯುತ್ತಿದ್ದುವು. “ದೊಡ್ಡಪ್ಪ, ಇಲ್ಲಿ ಬಂದು ನಿಂತರೆ ನಾನು ಹೊರಗಿನವಳು ಅಂತ ಅನ್ನಿಸೋದೇ ಇಲ್ಲ. ಗೋಡೆ ಮೇಲೆ ಇರೋರೆಲ್ಲ ಹೊರಗಿನವರೇ ಅಲ್ಲವೆ?” ಎಂದಳು. ಆ ಮಾತು ಊರಿಗೆ ಹಿಂದಿರುಗಿದ ಮೇಲೆಯೂ ನನ್ನನ್ನು ಬಿಡದೆ ಹಳೆಯ ಪುಸ್ತಕಗಳ ಕಡೆಗೆ ಎಳೆದೊಯ್ಯಿತು. ಪರದೇಶದಲ್ಲಿ ಕಳೆಯುವ ಒಂದು ಸೆಮಿಸ್ಟರನ್ನು ನಾವು ವಿದ್ಯಾಭ್ಯಾಸಕ್ಕೆ ಹೊರಗಿನಿಂದ ತೊಡಿಸಿದ ಅಲಂಕಾರವೆಂದು ಬಗೆಯುತ್ತೇವೆ. ಆದರೆ ಯೂರೋಪಿನ ಅತ್ಯಂತ ಪ್ರಾಚೀನವಾದ ಈ ವಿಶ್ವವಿದ್ಯಾನಿಲಯವು ಹುಟ್ಟಿದುದೇ ಪರಸ್ಥಳದ ವಿದ್ಯಾರ್ಥಿಗಳ ಅನಾಥಸ್ಥಿತಿಯಿಂದ.

ಬೊಲೋನ್ಯಾ ವಿಶ್ವವಿದ್ಯಾನಿಲಯದ ಹುಟ್ಟು 1088ರಲ್ಲೆಂದು ರೂಢಿಯಿಂದ ಹೇಳಿಕೊಂಡು ಬಂದಿದ್ದಾರೆ. ರೋಮನ್ ಧರ್ಮಶಾಸ್ತ್ರವನ್ನು ಕಲಿಯಲೆಂದು ಆಲ್ಪ್ಸ್ ಪರ್ವತದ ಆಚೆಯಿಂದಲೂ ಈಚೆಯಿಂದಲೂ ಬಂದ ತರುಣರಿಗೆ ಆ ನಗರದಲ್ಲಿ ಪೌರರ ಹಕ್ಕುಗಳೊಂದೂ ಇರಲಿಲ್ಲ. ಅವರ ನಾಡಿನ ವರ್ತಕನೊಬ್ಬನು ಸಾಲ ತೀರಿಸದೆ ಓಡಿಹೋದರೆ, ಆ ಸಾಲಕ್ಕಾಗಿ ಅದೇ ನಾಡಿನ ವಿದ್ಯಾರ್ಥಿಯ ಸ್ವತ್ತನ್ನು ಜಪ್ತಿ ಮಾಡುವಂತಹ ಪದ್ಧತಿ ಆಗ ಇದ್ದಿತು. 1158ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ್ಸನು, ವಿದ್ಯೆಗಾಗಿ ಸಂಚರಿಸುವವರನ್ನು ಅನ್ಯರ ಸಾಲಕ್ಕೆ ಹಿಡಿಯಕೂಡದೆಂದೂ, ಅವರ ಮೇಲಿನ ವ್ಯಾಜ್ಯವನ್ನು ಅವರ ಗುರುವಾಗಲಿ ಬಿಷಪ್ಪನಾಗಲಿ ವಿಚಾರಿಸತಕ್ಕದ್ದೆಂದೂ ಶಾಸನವನ್ನು ಹೊರಡಿಸಿದನು. ಶಾಸನವೊಂದರಿಂದಲೇ ತೃಪ್ತರಾಗದ ವಿದ್ಯಾರ್ಥಿಗಳು ಮುಂದೆ ತಮ್ಮ ತಮ್ಮ ದೇಶಗಳ ಲೆಕ್ಕದಲ್ಲಿ ಕೂಡಿಕೊಂಡು ಸಂಘಗಳನ್ನು ಕಟ್ಟಿದರು. ಬೊಲೋನ್ಯಾದ ಪೌರರ ಮಕ್ಕಳಿಗೆ ನಗರದ ಕಾನೂನೇ ರಕ್ಷೆಯಾಗಿದ್ದುದರಿಂದ ಅವರಿಗೆ ಆ ಸಂಘಗಳ ಅಧಿಕಾರದಲ್ಲಿ ಪಾಲಿರಲಿಲ್ಲ. ಅಧ್ಯಾಪಕರಿಗಂತೂ ಇಲ್ಲವೇ ಇಲ್ಲ. ಕುಲಪತಿಯ ಸ್ಥಾನದಲ್ಲಿದ್ದ ರೆಕ್ಟರನು ಸ್ವಯಂ ವಿದ್ಯಾರ್ಥಿಯಾಗಿದ್ದನು.

ಇಲ್ಲಿಂದ ಮುಂದಿನ ಕಥೆಯು ನನ್ನನ್ನು ಅದೆಷ್ಟು ಆಕರ್ಷಿಸಿತೆಂದರೆ, ಓದುಗರು ಬೇಸರಪಟ್ಟರೂ ಅದನ್ನು ವಿಸ್ತರಿಸದೆ ಇರಲಾರೆ. ಗುರುವಿನ ಮುಂದೆ ಶಿಷ್ಯನು ಕೈಕಟ್ಟಿ ನಿಲ್ಲುವ ಸಂಪ್ರದಾಯದಲ್ಲಿ ಬೆಳೆದ ನಮಗೆ, ಗುರುವೇ ವಿದ್ಯಾರ್ಥಿ ರೆಕ್ಟರನಿಗೆ ವಿಧೇಯನಾಗಿರುವೆನೆಂದು ಪ್ರಮಾಣ ಮಾಡುತ್ತಿದ್ದನೆಂಬುದು ನಂಬಲಾಗದಂತೆ ತೋರುತ್ತದೆ. ಪಾಠವು ಗಂಟೆಯ ನಾದದೊಡನೆ ಮೊದಲಾಗತಕ್ಕದ್ದು, ತಡವಾದರೆ ದಂಡ. ಮುಕ್ತಾಯದ ಗಂಟೆಯಾದ ಮೇಲೆ ಮುಂದುವರಿಸಿದರೂ ದಂಡ. ಶ್ರೋತೃಗಳು ಐವರಿಗಿಂತ ಕಡಮೆಯಾದರೆ ಆ ದಿನ ಅಧ್ಯಾಪಕನು ಬಂದೇ ಇಲ್ಲವೆಂದು ಭಾವಿಸಿ ಅದಕ್ಕೂ ದಂಡ. ಕಠಿಣವಾದ ಸಂದೇಹವನ್ನು ಪಾಠದ ಕೊನೆಗೆಂದು ತಳ್ಳಿ ಜಾರಿಕೊಳ್ಳುವಂತಿಲ್ಲ. ಗ್ರಂಥವನ್ನು ಮೊದಲೇ ಭಾಗಗಳಾಗಿ ವಿಂಗಡಿಸಿ, ಇಂತಿಂಥ ಭಾಗವು ಇಂತಿಂಥ ದಿನಕ್ಕೆ ಮುಗಿಯಬೇಕೆಂದು ನಿಗದಿ ಮಾಡುತ್ತಿದ್ದರು. ವರ್ಷಾರಂಭದಲ್ಲಿ ಅಧ್ಯಾಪಕನು ಲೇವಾದೇವಿಗಾರನ ಬಳಿ ಇಟ್ಟ ಠೇವಣಿಯಿಂದ, ಗಡುವು ತಪ್ಪಿದಾಗಲೆಲ್ಲ ಹಣವು ಕಡಿತವಾಗುತ್ತಿದ್ದಿತು. ಊರು ಬಿಟ್ಟು ಹೋಗಬೇಕಾದರೆ ಶಿಷ್ಯರ ಅಪ್ಪಣೆ ಬೇಕು, ಹಿಂದಿರುಗುವನೆಂಬುದಕ್ಕೆ ಮತ್ತೊಂದು ಠೇವಣಿ ಬೇಕು. ಈ ನಿಯಮಗಳು ಪಾಲಿತವಾಗುತ್ತಿವೆಯೋ ಇಲ್ಲವೋ ಎಂದು ತರಗತಿಯಲ್ಲಿ ಕುಳಿತೇ ಗಮನಿಸಿ ರೆಕ್ಟರನಿಗೆ ವರದಿ ಒಪ್ಪಿಸಲು ವಿದ್ಯಾರ್ಥಿಗಳನ್ನೇ ಗುಪ್ತವಾಗಿ ನೇಮಿಸುತ್ತಿದ್ದರು.

ಇದೆಲ್ಲ ಅತಿರೇಕವೆಂದು ನನಗೆ ಅನ್ನಿಸುವುದಿಲ್ಲ. ಅಧ್ಯಾಪಕನ ಜೀವನವು ಶಿಷ್ಯರು ಕೊಡುತ್ತಿದ್ದ ಶುಲ್ಕದಿಂದ ನಡೆಯುತ್ತಿದ್ದಿತು. ಊರಿನ ಆಧಾರವಿಲ್ಲದೆ, ದಾಯಾದರ ನೆರವಿಲ್ಲದೆ, ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದವನಿಗೆ ಪೂರ್ಣವಾದ ಪಾಠವನ್ನು ಕೇಳುವ ಹಕ್ಕಿಗಿಂತ ದೊಡ್ಡ ಸ್ವತ್ತು ಯಾವುದಿದ್ದೀತು? ನಗರವು ಮಿತಿಮೀರಿ ಪೀಡಿಸಿದಾಗ ಅವರ ಕೈಯಲ್ಲಿ ಉಳಿದಿದ್ದ ಅಸ್ತ್ರ ಒಂದೇ, ಗುಂಪಾಗಿ ಹೊರಟುಹೋಗುವುದು. 1222ರಲ್ಲಿ ಹಾಗೆ ಹೊರಟವರಿಂದಲೇ ಪಾದುವಾದ ವಿಶ್ವವಿದ್ಯಾನಿಲಯವು ಹುಟ್ಟಿತು. ಆದರೆ 13ನೆಯ ಶತಮಾನದ ಕೊನೆಯ ಭಾಗದಿಂದ ನಗರವೇ ಅಧ್ಯಾಪಕರಿಗೆ ವೇತನ ಕೊಡತೊಡಗಲು, ವಿದ್ಯಾರ್ಥಿಗಳ ಹಿಡಿತವು ಮೆಲ್ಲಮೆಲ್ಲನೆ ಸಡಿಲಿತು. ಹದಿನೈದನೆಯ ಶತಮಾನದ ಕೊನೆಯಲ್ಲಿ ಕೊಪರ್ನಿಕಸನು ಬಂದು ಜರ್ಮನರ ಸಂಘದಲ್ಲಿ ಹೆಸರು ಬರೆಸಿ ಓದಿದ ಕಾಲಕ್ಕೆ ಆ ಪ್ರಾಬಲ್ಯ ಬಹಳಮಟ್ಟಿಗೆ ಕುಂದಿದ್ದಿತು. 1562-63ರಲ್ಲಿ, ಪೋಪನ ಆಡಳಿತದಲ್ಲಿ, ಪಾಠಗಳನ್ನೆಲ್ಲ ಒಂದೇ ಸೂರಿನಡಿಗೆ ತರಲೆಂದು ಆರ್ಕಿಜಿನ್ನಾಜಿಯೊವನ್ನು ಕಟ್ಟಿದರು. ಹೀಗಾಗಿ, ಆ ಬಣ್ಣದ ಲಾಂಛನಗಳ ವೈಭವದ ಬಗೆಗೆ ನನಗೆ ಪೂರ್ಣವಾದ ವಿಶ್ವಾಸವಿಲ್ಲ. ಗೋಡೆಯ ಮೇಲೆ ವಿದ್ಯಾರ್ಥಿಯ ಮಾನವು ಏರಿದ ಕಾಲದಲ್ಲಿ ಅವನ ಕೈಯಿಂದ ಅಧಿಕಾರವು ಇಳಿದುಹೋಗಿದ್ದಿತು.

ಇಂದಿನ ವಿದ್ಯಾರ್ಥಿಯ ಮುಖ್ಯ ಚಿಂತೆ ವಾಸಸ್ಥಾನ. ಬಂದೊಡನೆ ಅಂಚೆ ಕಛೇರಿಯಲ್ಲಿ ನಿವಾಸದ ಪರವಾನಗಿಗೆ ಅರ್ಜಿ, ತೆರಿಗೆಯ ಸಂಖ್ಯೆ, ವಿಮೆ, ಇವುಗಳ ತೊಡಕು ಹೇಗೋ ಬಗೆಹರಿಯುತ್ತದೆ. ಬಾಡಿಗೆಯ ಕೊಠಡಿಯದು ಬಗೆಹರಿಯುವುದಿಲ್ಲ. ನಮ್ಮ ಹುಡುಗಿಯು ಪೋಲೆಂಡ್, ಸ್ಪೇನ್, ಪೋರ್ಚುಗಲ್ ದೇಶಗಳ ಮೂವರೊಡನೆ ಎರಡು ಕೊಠಡಿಗಳ ಮನೆಯೊಂದನ್ನು ಹಂಚಿಕೊಂಡು, ಒಂದೇ ಒಲೆಯ ಮೇಲೆ ಸರದಿಯಿಂದ ಅಡುಗೆ ಮಾಡಿಕೊಂಡು, ತಾನು ಒಯ್ದಿದ್ದ ಸಾರಿನ ಪುಡಿಯನ್ನು ಆ ಮೂವರೂ ಕ್ರಿಸ್‌ಮಸ್ಸಿನ ಮುಂಚೆಯೇ ಮುಗಿಸಿದ್ದನ್ನು ಸಂತೋಷದಿಂದ ಹೇಳಿದಳು. ಮಧ್ಯಯುಗದ ಬೊಲೋನ್ಯಾದಲ್ಲಾದರೋ ಮನೆಗಳ ಬಾಡಿಗೆಯನ್ನು ಗೊತ್ತುಮಾಡಲು ನಗರದ ಇಬ್ಬರು, ವಿದ್ಯಾರ್ಥಿಗಳ ಇಬ್ಬರು ಕೂಡಿ ಕುಳಿತುಕೊಳ್ಳುತ್ತಿದ್ದರು. ಅವರು ಗೊತ್ತುಮಾಡಿದುದಕ್ಕಿಂತ ಹೆಚ್ಚು ಕೇಳಿದವನ ಮನೆಗೆ ವಿದ್ಯಾರ್ಥಿಗಳ ಬಹಿಷ್ಕಾರ ಬೀಳುತ್ತಿದ್ದಿತು. 2023ರ ಮೇ ತಿಂಗಳಲ್ಲಿ ಬಾಡಿಗೆಯ ಭಾರವನ್ನು ಪ್ರತಿಭಟಿಸಿ ಮಿಲಾನಿನಲ್ಲಿ ವಿದ್ಯಾರ್ಥಿಗಳು ಡೇರೆ ಹೂಡಿ, ಅದು ಬೊಲೋನ್ಯಾಕ್ಕೂ ಹಬ್ಬಿದ ಸಮಾಚಾರವನ್ನು ಓದಿದವರು ಈ ಹಳೆಯ ಕಟ್ಟಳೆಯನ್ನು ಸ್ಮರಿಸಿಕೊಳ್ಳಬೇಕು.

ಇನ್ನು, ಒಂದು ದೇಶದಲ್ಲಿ ಓದಿದುದನ್ನು ಮತ್ತೊಂದು ದೇಶವು ಮನ್ನಿಸುವಂತೆ ಮಾಡಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಸೊಫಿಯಾ ಕೊರ್ರಾದಿ ಎಂಬ ಇಟಲಿಯ ವಿದುಷಿಗೆ ಸಲ್ಲತಕ್ಕದ್ದು. ನ್ಯಾಯಶಾಸ್ತ್ರದ ವಿದ್ಯಾರ್ಥಿನಿಯಾಗಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು 1958ರಲ್ಲಿ ರೋಮಿಗೆ ಮರಳಿದಾಗ, ಆ ವ್ಯಾಸಂಗವನ್ನು ಅಲ್ಲಿನ ವಿಶ್ವವಿದ್ಯಾನಿಲಯವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಅವಮಾನವನ್ನು ಆಕೆ ನುಂಗಿ ಸುಮ್ಮನಾಗದೆ ದಶಕಗಳ ಕಾಲ ವಾದಿಸುತ್ತ ಬಂದರು. 1987ರಲ್ಲಿ ಎರಾಸ್ಮಸ್ ಯೋಜನೆಯು ಆರಂಭವಾದಾಗ ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಪ್ರಯಾಣ ಮಾಡಿದರು. ಇಂದು ಅದು ಯೂರೋಪಿನ ಹೊರಗಿನ ವಿದ್ಯಾಲಯಗಳಿಗೂ ತೆರೆದಿದೆ. ಸೆಮಿಸ್ಟರಿಗೆ 30 ಕ್ರೆಡಿಟ್ಟುಗಳು, ಹೊರಡುವ ಮೊದಲೇ ಉಭಯ ವಿದ್ಯಾಲಯಗಳೂ ವಿದ್ಯಾರ್ಥಿಯೂ ಸಹಿ ಮಾಡುವ ಕರಾರು, ಹೀಗೆ ಶುಷ್ಕವಾಗಿ ತೋರುವ ಈ ಕಾಗದಗಳನ್ನು ನಾನು ಗೌರವದಿಂದ ನೋಡುತ್ತೇನೆ. ಪರದೇಶದಲ್ಲಿ ಪಟ್ಟ ಶ್ರಮವು ಗಡಿ ದಾಟಿದೊಡನೆ ಶೂನ್ಯವಾಗದಂತೆ ಕಾಯುವವು ಇವೇ.

ಹಳೆಯ ಅಧಿಕಾರವು ಸಂಪೂರ್ಣವಾಗಿ ಅಳಿದಿಲ್ಲವೆಂಬುದನ್ನು ಒಂದು ಪರೀಕ್ಷೆಯಲ್ಲಿ ಕಣ್ಣಾರೆ ಕಂಡೆ. ಇಟಲಿಯಲ್ಲಿ ಬಹಳಷ್ಟು ಪರೀಕ್ಷೆಗಳು ಮೌಖಿಕ. ಅವು ಸಾರ್ವಜನಿಕವಾದುದರಿಂದ ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಕುಳಿತು ಕೇಳಬಹುದು. 30ಕ್ಕೆ ಅಂಕ, 18 ಬಂದರೆ ತೇರ್ಗಡೆ. ರೋಮನ್ ಧರ್ಮಶಾಸ್ತ್ರದ ಪ್ರಾಧ್ಯಾಪಕರು ನಮ್ಮ ಹುಡುಗಿಯನ್ನು ಒಪ್ಪಂದಗಳಿಂದ ಹುಟ್ಟುವ ಬಾಧ್ಯತೆಗಳ ಬಗ್ಗೆ ಸಾವಧಾನವಾಗಿ ವಿಚಾರಿಸಿ, 23 ಕೊಡುವೆನು, ಸಮ್ಮತವೇ ಎಂದು ಕೇಳಿದರು. ಅವಳು ಕ್ಷಣಕಾಲ ಯೋಚಿಸಿ, ಬೇಡವೆಂದಳು. ಇಟಲಿಯ ವಿದ್ಯಾರ್ಥಿಗೆ ಈ ನಿರಾಕರಣೆಯ ರೂಢಿ ಉಂಟು. ಬೇಡವೆಂದವನು ಮುಂದಿನ ಸರದಿಯಲ್ಲಿ ಮತ್ತೆ ಪರೀಕ್ಷೆಗೆ ಕೂಡುತ್ತಾನೆ. ಪ್ರಾಧ್ಯಾಪಕರು ಕಿಂಚಿತ್ತೂ ಅಸಮಾಧಾನವನ್ನು ತೋರದೆ, ಫೆಬ್ರವರಿಯಲ್ಲಿ ಬಾ ಎಂದು ದಿನಾಂಕವನ್ನು ಹೇಳಿದರು. ಅಂದು ರಾತ್ರಿ ಫೋನಿನಲ್ಲಿ ನನ್ನ ತಮ್ಮನು, ಕೈಗೆ ಬಂದ ಅಂಕವನ್ನು ಬಿಟ್ಟದ್ದು ಎಂಥ ಬುದ್ಧಿ ಎಂದು ಮಗಳನ್ನು ಗದರಿಸಿದನು. ನಾನು ಅವಳ ಪಕ್ಷವನ್ನೇ ವಹಿಸಿದೆನು, ಇಂದಿಗೂ ವಹಿಸುತ್ತೇನೆ.

ಫೆಬ್ರವರಿಯಲ್ಲಿ ಅವಳಿಗೆ 28 ಬಂದಿತು, ಒಪ್ಪಿಕೊಂಡಳು. ಮನೆಯ ಮುಂಗಡ ಹಣವನ್ನು ಹಿಂದಿರುಗಿಸದೆ ಸತಾಯಿಸುತ್ತಿರುವ ಮಾಲೀಕನಿಗೆ ಕರಾರಿನ ಯಾವ ಕಲಮಿನಂತೆ ಅದು ಸಲ್ಲಬೇಕೆಂದು ಇಟಾಲಿಯನ್ ಭಾಷೆಯಲ್ಲಿ ಪತ್ರ ಬರೆದು, ಪೋಲೆಂಡಿನ, ಸ್ಪೇನಿನ, ಪೋರ್ಚುಗಲಿನ ಗೆಳತಿಯರೊಡನೆ ತಾನೂ ಸಹಿ ಮಾಡಿ ಕಳುಹಿಸಿರುವುದಾಗಿ ಮೊನ್ನೆ ಬರೆದಿದ್ದಾಳೆ.